ಕಟ್ಟೆ ಪಂಚಾಯ್ತಿ: ಓದುಗರ ವಾದ, ನಮ್ಮ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಕಾವೇರಿಯದ್ದೇ ಮೇಲುಗೈ. ಉಳಿದವು ಸೋಲಾರ್, ಲಿಥಿಯಂ, ಫೋನು, ಶಾಯಿ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ಹೆಚ್ಚಿನ ಜಗಳಗಳಲ್ಲಿ ಒಬ್ಬರು ಅಡಿಯ (ಎತ್ತರದ) ಲೆಕ್ಕದಲ್ಲಿ, ಇನ್ನೊಬ್ಬರು ಟಿಎಂಸಿಯ (ನೀರಿನ ಪ್ರಮಾಣದ) ಲೆಕ್ಕದಲ್ಲಿ ಮಾತಾಡುತ್ತಿರುವುದು ಕಂಡಿತು. ಹಾಗಾಗಿ ಅಳತೆಯಿಂದಲೇ ಶುರು.

ಪ್ರಶ್ನೆ: ಕನ್ನಂಬಾಡಿ ಕಟ್ಟೆಯಲ್ಲಿ 100 ಅಡಿ ನೀರಿದ್ದರೆ, ಭರ್ತಿಯಾಗಲು ಇನ್ನು 25 ಅಡಿ ಅಷ್ಟೇ ಬಾಕಿ, ಅಂದರೆ ನೂರಕ್ಕೆ ಎಂಬತ್ತು ಪಾಲು ತುಂಬಿದ ಹಾಗೆ ಅನ್ನುವುದು ನಮ್ಮಣ್ಣನ ವಾದ. ಪೇಪರಿನಲ್ಲಿ ಅರ್ಧವೂ ಇಲ್ಲ ಅಂತ ಬರುತ್ತೆ. ಯಾರದು ಸರಿ? ಟಿಎಂಸಿ, ಕ್ಯೂಸೆಕ್ ಎರಡನ್ನೂ ನಮಗೆ ಅರ್ಥವಾಗುವ ಹಾಗೆ ಹೇಳಿ.
— ಮದ್ದೂರಿನ ಓದುಗರು

ಉತ್ತರ: ಪೇಪರಿನದು ಸರಿ. ನಿಮ್ಮಣ್ಣ ಹೇಳಿದ್ದು ಎತ್ತರದ ಲೆಕ್ಕ, ನೀರಿನ ಲೆಕ್ಕವಲ್ಲ. ಜಲಾಶಯ ನೆಟ್ಟಗೆ ನಿಂತ ಡ್ರಮ್ಮಿನ ಹಾಗಿಲ್ಲ. ಬಾಣಲೆಯ ಹಾಗೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಕೆಆರ್‌ಎಸ್‌ನ, ಅಂದರೆ ಕನ್ನಂಬಾಡಿಯ, ಗರಿಷ್ಠ ಮಟ್ಟ 124.80 ಅಡಿ, ಆಗ ಒಳಗಿರುವ ನೀರು 49.45 ಟಿಎಂಸಿ. ಮಟ್ಟ 100 ಅಡಿಗೆ ಇಳಿದಾಗ ಉಳಿಯುವುದು ಸುಮಾರು 23 ಟಿಎಂಸಿ. ಅದರಲ್ಲೂ ತಳದ 4.4 ಟಿಎಂಸಿ ‘ಡೆಡ್ ಸ್ಟೋರೇಜ್’, ನಾಲೆಗೆ ಹರಿಸಲು ಬರುವುದಿಲ್ಲ. ಅಂದರೆ 100 ಅಡಿ ಇದ್ದಾಗ ನಿಜವಾಗಿ ಕೈಗೆ ಸಿಗುವುದು 18–19 ಟಿಎಂಸಿ ಮಾತ್ರ.

ಜಲಾಶಯ ಭರ್ತಿಯಾದಾಗ ನೀರು ಹರಡಿಕೊಳ್ಳುವ ಜಾಗ ಸುಮಾರು 129 ಚದರ ಕಿಲೋಮೀಟರ್. ಅಷ್ಟು ಅಗಲದ ಮೇಲೆ ಒಂದು ಅಡಿ ನೀರು ನಿಂತರೆ ಹತ್ತಿರ ಹತ್ತಿರ 1.4 ಟಿಎಂಸಿ. 100 ಅಡಿಯ ಆಸುಪಾಸಿನಲ್ಲಿ ಅದೇ ಒಂದು ಅಡಿ 0.8 ಟಿಎಂಸಿಯಷ್ಟು. ಮಳೆಗಾಲದ ಮೊದಲಲ್ಲಿ ಮಟ್ಟ ಸರಸರನೆ ಏರಿ, 120 ದಾಟಿದ ಮೇಲೆ ಇಂಚಿಂಚೇ ತೆವಳುವುದಕ್ಕೆ ಕಾರಣ ಇದು. ಒಳಹರಿವು ಕಡಿಮೆಯಾಗಿದೆ, ಯಾರೋ ಗುಟ್ಟಾಗಿ ನೀರು ಬಿಡುತ್ತಿದ್ದಾರೆ ಅಂತ ಪ್ರತಿವರ್ಷ ಏಳುವ ಗುಮಾನಿಯ ಬಹುಪಾಲು ಇಲ್ಲಿಯೇ ಹುಟ್ಟುತ್ತದೆ.

ಇನ್ನು ಅಳತೆ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,832 ಕೋಟಿ ಲೀಟರ್. ಅದು ನಿಂತ ನೀರಿನ ಅಳತೆ. ಕ್ಯೂಸೆಕ್ ಅನ್ನುವುದು ಹರಿಯುವ ನೀರಿನದು: ಸೆಕೆಂಡಿಗೆ ಒಂದು ಘನ ಅಡಿ, 28.3 ಲೀಟರ್. ಎರಡಕ್ಕೂ ನಂಟು ಕಲ್ಪಿಸುವ ಸಂಖ್ಯೆ ಒಂದೇ, ಬೇಕಿದ್ದರೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ: 11,574. ಇಷ್ಟು ಕ್ಯೂಸೆಕ್ 24 ಗಂಟೆ ಹರಿದರೆ ಒಂದು ಟಿಎಂಸಿ. ಒಳಹರಿವು 20,000, ಹೊರಹರಿವು 3,000 ಅಂತ ಪೇಪರಿನಲ್ಲಿ ಬಂತು ಅನ್ನಿ. ಕಳೆದರೆ 17,000, ಅದನ್ನು 11,574ರಿಂದ ಭಾಗಿಸಿದರೆ ದಿನಕ್ಕೆ 1.47 ಟಿಎಂಸಿ. 100 ಅಡಿಯ ಹತ್ತಿರ ಇದ್ದರೆ ಮಟ್ಟ ಒಂದೇ ದಿನಕ್ಕೆ ಒಂದು ಮುಕ್ಕಾಲು ಅಡಿ ಏರುತ್ತದೆ. 123ರ ಹತ್ತಿರವಾದರೆ ಒಂದೇ ಅಡಿ. ಬಿಸಿಲಿಗೆ ಆವಿಯಾಗುವುದನ್ನು ಇದರಲ್ಲಿ ಹಿಡಿದಿಲ್ಲ, ಆದ್ದರಿಂದ ಬೇಸಿಗೆಯಲ್ಲಿ ಲೆಕ್ಕಕ್ಕಿಂತ ಒಂದಿಷ್ಟು ಕಡಿಮೆಯೇ ಬರುತ್ತದೆ.

ಇದೇ ಪತ್ರದ ಜೊತೆ ಕೆ.ಎಂ.ದೊಡ್ಡಿಯಿಂದ ಬಂದ ಇನ್ನೊಂದು ಕೇಳಿಕೆ: ‘5,000 ಕ್ಯೂಸೆಕ್ ಬಿಡಿ ಅಂದಾಗ ನಮಗೆ ಎಷ್ಟು ನೀರು ಹೋದ ಹಾಗೆ?’ ತಮಿಳುನಾಡಿಗೆ ನೀರು ಬಿಡಲು 2023ರ ಆಗಸ್ಟ್ ಕೊನೆಯಲ್ಲಿ ಬಂದ ಆದೇಶ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ. ಲೆಕ್ಕ ಹಾಕಿದರೆ ಸುಮಾರು 6.5 ಟಿಎಂಸಿ. ಆದರೆ ಈ ಹರಿವನ್ನು ಅಳೆಯುವುದು ಕಟ್ಟೆಯ ಬಾಗಿಲಲ್ಲಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಕಬಿನಿಯ ನೀರು, ನಡುದಾರಿಯ ಮಳೆನೀರು ಎಲ್ಲವೂ ಅಲ್ಲಿಗೆ ಬಂದು ಸೇರುತ್ತವೆ. ಆದ್ದರಿಂದ ಬಿಳಿಗುಂಡ್ಲುವಿನ 5,000ವನ್ನು ಹಾಗೆಯೇ ಕೆಆರ್‌ಎಸ್‌ನ ಲೆಕ್ಕದಿಂದ ಕಳೆಯಬಾರದು. ಸಾಮಾನ್ಯ ಮಳೆಯ ವರ್ಷಕ್ಕೆ ಅಲ್ಲಿ 177.25 ಟಿಎಂಸಿ ಹರಿಯಬೇಕು ಅನ್ನುವುದು 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪು. 2007ರ ನ್ಯಾಯಮಂಡಳಿ ಹೇಳಿದ್ದು 192. ಮಳೆ ಕೈಕೊಟ್ಟ ವರ್ಷ ಕೊರತೆಯನ್ನು ಹಂಚಿಕೊಳ್ಳುವುದು ಹೇಗೆ ಅನ್ನುವುದೇ ಅಸಲಿ ಜಗಳ. ಅದಕ್ಕೆ ಕ್ಯಾಲ್ಕುಲೇಟರಿನಲ್ಲಿ ಉತ್ತರವಿಲ್ಲ.

ರೈತರಿಗೆ ಇನ್ನೂ ಒಂದು ಲೆಕ್ಕ ಉಪಯೋಗಕ್ಕೆ ಬರಬಹುದು. ಒಂದು ಟಿಎಂಸಿ ನೀರನ್ನು ಒಂದಡಿ ಆಳಕ್ಕೆ ನಿಲ್ಲಿಸಿದರೆ 22,957 ಎಕರೆ ಮುಚ್ಚುತ್ತದೆ. ಭತ್ತದ ಒಂದು ಬೆಳೆಗೆ ಒಟ್ಟು ನಾಲ್ಕಡಿಯಷ್ಟು ನೀರು ಹಿಡಿದರೆ, ಮಳೆಯ ನೆರವಿಲ್ಲದೆ ಒಂದು ಟಿಎಂಸಿಯಲ್ಲಿ 5,700 ಎಕರೆ ಬೆಳೆಯಬಹುದು. ಅದೂ ಗದ್ದೆಯ ಬದುವಿಗೆ ಬಂದು ಮುಟ್ಟಿದ ನೀರು. ನಾಲೆಯಲ್ಲಿ ಇಂಗಿ ಹೋಗುವುದನ್ನು ಕಳೆದರೆ ಕೊನೆಭಾಗದವರಿಗೆ ಏಕೆ ನೀರು ತಲುಪುವುದಿಲ್ಲ ಅನ್ನುವುದು ತಾನೇ ತಿಳಿಯುತ್ತದೆ.

ಪ್ರಶ್ನೆ: ವೋಟಿನ ಶಾಯಿಯನ್ನು ಪರಂಗಿ ಹಾಲು, ನೇಲ್ ಪಾಲಿಶ್ ರಿಮೂವರ್, ಬ್ಲೀಚಿಂಗ್ ಪೌಡರ್ ಹಾಕಿ ಅಳಿಸಬಹುದು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ ಅಷ್ಟು ಕಳಪೆಯೇ?
— ಬನ್ನಿಮಂಟಪ, ಮೈಸೂರು

ಉತ್ತರ: ಕಳಪೆಯಲ್ಲ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಬೆವರಿನ ಉಪ್ಪಿನ ಜೊತೆ ಬೆರೆತು ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಾಗ ಬೆಳ್ಳಿ ಕಪ್ಪಾಗಿ ಚರ್ಮದ ಹೊರಪದರದಲ್ಲೇ ಕೂರುತ್ತದೆ. ಅದು ಬಣ್ಣ ಬಳಿದ ಹಾಗಲ್ಲ, ಚರ್ಮವೇ ಬಣ್ಣಕ್ಕೆ ತಿರುಗಿದ ಹಾಗೆ. ಸೋಪು, ಅಸಿಟೋನ್, ಪರಂಗಿ ಹಾಲು ಯಾವುದಕ್ಕೂ ಜಗ್ಗುವುದಿಲ್ಲ. ಚರ್ಮದ ಮೇಲಿನದು ಹಳೆ ಪದರ ಉದುರುತ್ತಾ ಎರಡು ಮೂರು ವಾರದಲ್ಲಿ ಮಾಸುತ್ತದೆ. ಉಗುರಿನ ಮೇಲಿನದು ಉಗುರು ಬೆಳೆದು ಕತ್ತರಿಸಿ ಹೋಗುವವರೆಗೂ ಇರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್.

ತೊಂದರೆ ಬರುವುದು ಹಚ್ಚುವ ಹೊತ್ತಿನಲ್ಲಿ. ಬೆರಳಿಗೆ ಮೊದಲೇ ಎಣ್ಣೆ ಸವರಿಕೊಂಡಿದ್ದರೆ ಶಾಯಿ ಚರ್ಮಕ್ಕೆ ತಾಗುವುದೇ ಇಲ್ಲ. ಅದಕ್ಕೇ ಮತಗಟ್ಟೆ ಸಿಬ್ಬಂದಿ ಬೆರಳು ನೋಡಿ, ಜಿಡ್ಡಿದ್ದರೆ ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಬೇಕು. ಹಚ್ಚಿದ ತಕ್ಷಣ ಪಂಚೆಗೆ ಒರೆಸಿಕೊಂಡರೂ ಗುರುತು ತೆಳುವಾಗುತ್ತದೆ, ಆದ್ದರಿಂದ ಒಣಗಲು ಬಿಡಬೇಕು. ಬ್ಲೀಚಿಂಗ್ ಪೌಡರ್ ಉಜ್ಜಿಕೊಂಡರೆ ಶಾಯಿಗಿಂತ ಮೊದಲು ಚರ್ಮ ಸುಲಿಯುತ್ತದೆ.

ಶಾಯಿ ತಯಾರಿಸುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದದ್ದು. ಚುನಾವಣೆಯ ಶಾಯಿ ಇಲ್ಲಿಂದ ಹೋಗಲು ಆರಂಭವಾಗಿದ್ದು 1962ರಿಂದ. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು.

ಪ್ರಶ್ನೆ: ಗೃಹಜ್ಯೋತಿಯಲ್ಲಿ 200 ಯೂನಿಟ್ ಬಿಟ್ಟಿ ಸಿಗುವಾಗ ಸೋಲಾರ್ ಹಾಕಿಸುವುದು ದಂಡ ಅನ್ನುತ್ತಾರೆ ನಮ್ಮ ಯಜಮಾನರು. ನನ್ನ ತಮ್ಮ, ‘ಕೇಂದ್ರದವರು 78,000 ಕೊಡ್ತಾರೆ, ಕರೆಂಟ್ ಹೋದರೂ ಚಿಂತೆ ಇರಲ್ಲ, ಹಾಕಿಸಿಬಿಡಕ್ಕಾ’ ಅನ್ನುತ್ತಾನೆ. ಮನೆಯಲ್ಲಿ ಇದೇ ಮಾತು ಒಂದು ತಿಂಗಳಿಂದ. ತೀರ್ಪು ಕೊಡಿ.
— ವಿಜಯನಗರ 2ನೇ ಹಂತ, ಮೈಸೂರು

ಉತ್ತರ: ತೀರ್ಪು ನಿಮ್ಮ ಮನೆಯ ಬಿಲ್ಲಿನಲ್ಲಿದೆ. ಹೋದ ಹನ್ನೆರಡು ತಿಂಗಳ ಬಿಲ್ ಹುಡುಕಿ, ಬಳಕೆಯ ಯೂನಿಟ್ ಮಾತ್ರ ಸಾಲಾಗಿ ಬರೆಯಿರಿ.

ಮೊದಲು ಯಜಮಾನರ ಮಾತು. ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಕೊಡುವುದಿಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇಕಡಾ 10 ಸೇರಿಸಿದ್ದು ನಿಮ್ಮ ಪಾಲು. 200 ಅದರ ಮೇಲ್ಮಿತಿ. ಪಾಲು 110 ಇದ್ದು ಬಳಸಿದ್ದು 140 ಆದರೆ ಹೆಚ್ಚಿನ 30ಕ್ಕೆ ಕಟ್ಟಬೇಕು. ಬಳಕೆ 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಇಷ್ಟು ಗೊತ್ತಿದ್ದರೆ ಉತ್ತರ ತಾನಾಗಿ ಎರಡು ಭಾಗವಾಗುತ್ತದೆ. ವರ್ಷವಿಡೀ ಪಾಲಿನೊಳಗೇ ಇರುವ, ಶೂನ್ಯ ಬಿಲ್ ಬರುವ ಮನೆಯಾದರೆ ಯಜಮಾನರು ಗೆದ್ದರು: ಹಣದ ದೃಷ್ಟಿಯಿಂದ ಸೋಲಾರ್‌ಗೆ ಅರ್ಥವಿಲ್ಲ. ಎಸಿ, ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕಾರು ಬಂದು 250–300ಕ್ಕೆ ಏರಿದ ಮನೆಯಾದರೆ ತಮ್ಮನ ಮಾತಿನಲ್ಲಿ ತೂಕವಿದೆ.

ಒಂದು ಕಿಲೋವ್ಯಾಟ್ ಸೋಲಾರ್ ನಮ್ಮ ಕಡೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 3 ಕಿಲೋವ್ಯಾಟ್ ಅಂದರೆ ತಿಂಗಳಿಗೆ 360. ಮಾರ್ಚ್‌ನಲ್ಲಿ ಇದಕ್ಕಿಂತ ಹೆಚ್ಚು, ಜುಲೈನಲ್ಲಿ ಬಹಳ ಕಡಿಮೆ. ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000ಕ್ಕೆ ನಿಲ್ಲುತ್ತದೆ. 5 ಕಿಲೋವ್ಯಾಟ್ ಹಾಕಿದರೂ ಅಷ್ಟೇ. 3 ಕಿಲೋವ್ಯಾಟ್‌ಗೆ 1,80,000 ಖರ್ಚು ಅಂತ ಇಟ್ಟುಕೊಳ್ಳಿ, ಸಬ್ಸಿಡಿ ಕಳೆದರೆ 1,02,000. ತಿಂಗಳಿಗೆ 300 ಯೂನಿಟ್ ಉಳಿದು, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,800 ಉಳಿತಾಯ. ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಕೊಟೇಶನ್‌ನ ದರ, ನಿಮ್ಮ ಬಿಲ್ಲಿನ ದರ ಹಾಕಿ ಇದನ್ನೇ ತಿದ್ದಿಕೊಳ್ಳಿ. ಬಳಸದೆ ಗ್ರಿಡ್‌ಗೆ ಕೊಟ್ಟ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಕಡಿಮೆ, ಆದ್ದರಿಂದ ‘ಕರೆಂಟ್ ಮಾರಿ ಸಂಪಾದನೆ’ ಅಂತ ದೊಡ್ಡದು ಹಾಕಿಸಬೇಡಿ.

ಇನ್ನು ತಮ್ಮನ ತಪ್ಪು ತಿಳಿವಳಿಕೆ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಆನ್‌ಗ್ರಿಡ್ ವ್ಯವಸ್ಥೆ, ಅಂದರೆ ವಿದ್ಯುತ್ ಕಂಪನಿಯ ಲೈನ್‌ಗೆ ಜೋಡಿಸಿದ್ದು. ಚೆಸ್ಕಾಂ ಕರೆಂಟ್ ಹೋದ ಕ್ಷಣ ಅದರ ಇನ್ವರ್ಟರ್ ಕೂಡ ನಿಲ್ಲುತ್ತದೆ, ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ. ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು: ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು. ಪವರ್ ಕಟ್‌ನಲ್ಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು. ಖರ್ಚು ಬೇರೆಯದೇ ಮಟ್ಟಕ್ಕೆ ಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ಕರೆಂಟ್ ಹೋಗುವ ಬಡಾವಣೆಗೆ ಈಗಿರುವ ಯುಪಿಎಸ್ಸೇ ಸಾಕು ಅನ್ನುವುದು ನಮ್ಮ ಅಭಿಪ್ರಾಯ.

ಹಾಕಿಸುವುದೇ ಆದರೆ ಕ್ರಮ ಹೀಗೆ. ಸೂರ್ಯ ಘರ್ ಪೋರ್ಟಲ್‌ನಲ್ಲಿ ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ ಹಾಕಿ ನೋಂದಣಿ. ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಅರ್ಜಿ. ಮಾವನವರ ಹೆಸರಿನಲ್ಲಿ ಉಳಿದಿದ್ದರೆ ಮೊದಲು ಹೆಸರು ಬದಲಾಯಿಸಿ, ಕೆಲಸ ಇಲ್ಲಿಯೇ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಪಟ್ಟಿಯಲ್ಲಿರುವ ಮಾರಾಟಗಾರರಿಂದ ಮಾತ್ರ ಹಾಕಿಸಬೇಕು. ಪ್ಯಾನೆಲ್ ಡಿಸಿಆರ್ ಆಗಿರಬೇಕು, ಅಂದರೆ ಸೆಲ್ ಸಮೇತ ಭಾರತದಲ್ಲಿ ತಯಾರಾದದ್ದು. ಅಗ್ಗಕ್ಕೆ ಸಿಕ್ಕಿತು ಅಂತ ಹೊರದೇಶದ ಸೆಲ್‌ನದ್ದು ಹಾಕಿಸಿಕೊಂಡರೆ ಸಬ್ಸಿಡಿ ಇಲ್ಲ. ಆಮೇಲೆ ಎರಡೂ ದಿಕ್ಕಿಗೆ ಓಡುವ ಮೀಟರ್, ಚೆಸ್ಕಾಂ ಪರಿಶೀಲನೆ, ಕೊನೆಗೆ ಬ್ಯಾಂಕ್ ಖಾತೆಗೆ ಹಣ.

ತಾರಸಿಯಲ್ಲಿ ಗಮನಿಸಬೇಕಾದ್ದು ನೆರಳು. 540 ವ್ಯಾಟ್‌ನ ಆರು ಪ್ಯಾನೆಲ್ ಸೇರಿದರೆ 3.24 ಕಿಲೋವ್ಯಾಟ್, ಓಡಾಡುವ ಜಾಗ ಸೇರಿ 300 ಚದರ ಅಡಿ ಇರಲಿ. ದಕ್ಷಿಣಕ್ಕೆ ಮುಖ, 12ರಿಂದ 15 ಡಿಗ್ರಿ ಓರೆ. ಪ್ಯಾನೆಲ್‌ಗಳನ್ನು ಸಾಲಾಗಿ ಒಂದೇ ತಂತಿಗೆ ಪೋಣಿಸಿರುವುದರಿಂದ ಒಂದರ ಮೂಲೆಗೆ ನೀರಿನ ಟ್ಯಾಂಕಿನದೋ ಪಕ್ಕದ ಮನೆಯ ತೆಂಗಿನ ಮರದ್ದೋ ನೆರಳು ಬಿದ್ದರೆ ಆ ಪ್ಯಾನೆಲ್‌ನ ಮೂರನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಹೊಡೆತ ಬೀಳುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ನೆರಳು ಉದ್ದವಾಗುತ್ತದೆ. ಮೇ ತಿಂಗಳಲ್ಲಿ ಬಂದು ನೋಡಿ ‘ನೆರಳಿಲ್ಲ’ ಅಂದವರ ಮಾತನ್ನು ಪೂರ್ತಿ ನಂಬಬೇಡಿ. ಸ್ಟ್ಯಾಂಡಿಗಾಗಿ ತಾರಸಿಗೆ ತೂತು ಕೊರೆದರೆ ಮೊದಲ ಮಳೆಗೇ ಸೋರಬಹುದು, ಕಾಂಕ್ರೀಟ್ ದಿಮ್ಮಿಯ ಮೇಲೆ ನಿಲ್ಲಿಸುವುದು ಮೇಲು. ಅರ್ಥಿಂಗ್ ಮೂರು ಬೇರೆ ಬೇರೆ ಇರಬೇಕು: ಪ್ಯಾನೆಲ್ ಕಡೆಗೆ, ಮನೆಯ ಕಡೆಗೆ, ಸಿಡಿಲಿನ ಕಡ್ಡಿಗೆ. ಒಂದೇ ಗುಂಡಿಗೆ ಮೂರನ್ನೂ ಸೇರಿಸಿ ಕೈತೊಳೆದುಕೊಳ್ಳುವವರಿದ್ದಾರೆ, ದುಡ್ಡು ಕೊಡುವ ಮೊದಲು ಎಣಿಸಿ. ತೊಳೆಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ, ಬೋರ್‌ವೆಲ್ ನೀರಾದರೆ ಒರೆಸಿಯೂ ಬಿಡಿ; ಗಡಸು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ಲಿಥಿಯಂ ಸಿಕ್ಕಿದೆ, ಇನ್ನು ಮಂಡ್ಯ ಜಿಲ್ಲೆಯೇ ಬದಲಾಗುತ್ತೆ, ಜಮೀನು ಮಾರಬೇಡಿ ಅಂತ ಒಂದು ಗುಂಪು. ಅದೆಲ್ಲ ಬುರುಡೆ ಅಂತ ಇನ್ನೊಂದು ಗುಂಪು. ಒಂದು ಕಡೆ 14,000 ಟನ್ ಅಂತಾರೆ, ಇನ್ನೊಂದು ಕಡೆ 1,600. ಯಾವುದನ್ನು ನಂಬುವುದು?
— ಶ್ರೀರಂಗಪಟ್ಟಣ ತಾಲ್ಲೂಕಿನ ಕಾಲೇಜು ವಿದ್ಯಾರ್ಥಿಗಳು

ಉತ್ತರ: ಬುರುಡೆಯಲ್ಲ, ಆದರೆ ಜಿಲ್ಲೆ ಬದಲಾಗುವಷ್ಟೂ ಅಲ್ಲ. ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್ ಕಲ್ಲಿನಲ್ಲಿ ಲಿಥಿಯಂ ಇರುವುದು ನಿಜ. ಅದನ್ನು ಹುಡುಕಿದ್ದು ಪರಮಾಣು ಇಂಧನ ಇಲಾಖೆಯ ಖನಿಜ ನಿರ್ದೇಶನಾಲಯ. 2020ರಲ್ಲಿ ಸುದ್ದಿಯಾದ 14,100 ಟನ್ ಒಂದು ಆರಂಭದ ಅಂದಾಜು. 2021ರಲ್ಲಿ ಸರ್ಕಾರ ಸಂಸತ್ತಿಗೆ ಹೇಳಿದ್ದು 1,600 ಟನ್, ಅದೂ ‘ಇನ್‌ಫರ್ಡ್’ ದರ್ಜೆಯದು. ಮೇಲ್ಮೈ ನೋಡಿ, ಅಲ್ಲೊಂದು ಇಲ್ಲೊಂದು ಕೊರೆದು, ನಡುವಿನದನ್ನು ಊಹಿಸಿ ಹಾಕುವ ಲೆಕ್ಕಕ್ಕೆ ಈ ಹೆಸರು. ಗಣಿಯವರು ಹಣ ಹಾಕುವ ಮುಂಚೆ ಹತ್ತಿರ ಹತ್ತಿರ ಕೊರೆದು ಇನ್ನೂ ಎರಡು ಹಂತ ದಾಟಬೇಕು.

1,600 ಟನ್ ಎಷ್ಟಕ್ಕೆ ಬರುತ್ತದೆ? ಬ್ಯಾಟರಿಯ ಒಂದು ಕಿಲೋವ್ಯಾಟ್ ಗಂಟೆಗೆ ಸರಿಸುಮಾರು 100ರಿಂದ 150 ಗ್ರಾಂ ಲಿಥಿಯಂ ಬೇಕು. 3 ಕಿಲೋವ್ಯಾಟ್ ಗಂಟೆಯ ಸ್ಕೂಟರಿಗೆ 300–450 ಗ್ರಾಂ. 40 ಕಿಲೋವ್ಯಾಟ್ ಗಂಟೆಯ ಕಾರಿಗೆ ಐದು ಕಿಲೋ ಅನ್ನಿ. 1,600 ಟನ್ನನ್ನೂ ಒಂದು ಚೂರು ಬಿಡದೆ ತೆಗೆದರೆ 3.2 ಲಕ್ಷ ಕಾರು. ಕಲ್ಲಿನಲ್ಲಿರುವುದೆಲ್ಲ ಕೈಗೆ ಬರುವುದಿಲ್ಲ, ಅರ್ಧ ಹಿಡಿದರೆ 1.6 ಲಕ್ಷ. ದೇಶದಲ್ಲಿ ಒಂದು ವರ್ಷಕ್ಕೆ ಮಾರಾಟವಾಗುವ ಪ್ರಯಾಣಿಕ ವಾಹನಗಳೇ 40 ಲಕ್ಷಕ್ಕೂ ಹೆಚ್ಚು.

ಇಲ್ಲೂ ಅಳತೆಯ ಗೊಂದಲವಿದೆ. ಕೆಲವರು ಹೇಳುವುದು ಲಿಥಿಯಂ ಲೋಹದ ತೂಕ, ಕೆಲವರು ಲಿಥಿಯಂ ಕಾರ್ಬೊನೇಟ್‌ನದು, ಇನ್ನು ಕೆಲವರು ಅದಿರಿನದು. ಒಂದು ಕಿಲೋ ಲಿಥಿಯಂ ಅಂದರೆ 5.3 ಕಿಲೋ ಕಾರ್ಬೊನೇಟ್. ಅದಿರಿನಲ್ಲಿ ಲಿಥಿಯಂ ಆಕ್ಸೈಡ್ ಶೇಕಡಾ 1–1.5 ಇದ್ದರೆ ಒಳ್ಳೆಯ ಕಲ್ಲು. ಹಾಗಾಗಿ ‘ಇಷ್ಟು ಟನ್’ ಅಂತ ಯಾರಾದರೂ ಹೇಳಿದರೆ ‘ಯಾವುದರ ಟನ್?’ ಅಂತ ಕೇಳಿ. ಅರ್ಧ ವಾದ ಅಲ್ಲಿಗೇ ತಣ್ಣಗಾಗುತ್ತದೆ.

ತೆಗೆಯುವುದೂ ಸುಲಭದ ಕೆಲಸವಲ್ಲ. ಪೆಗ್ಮಟೈಟ್‌ನ ಸ್ಪಾಡ್ಯುಮಿನ್ ಅನ್ನುವ ಖನಿಜವನ್ನು ಪುಡಿಮಾಡಿ, ಬೇರ್ಪಡಿಸಿ, 1,050 ಡಿಗ್ರಿಯ ಹತ್ತಿರ ಹುರಿಯಬೇಕು. ಹುರಿಯದಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ. ಆಮೇಲೆ ಗಂಧಕಾಮ್ಲದ ಜೊತೆ 250 ಡಿಗ್ರಿಯಲ್ಲಿ ಬೇಯಿಸಿ, ನೀರಿನಲ್ಲಿ ಕರಗಿಸಿ, ಕಲ್ಮಶ ತೆಗೆದು, ಸೋಡಾ ಬೂದಿ ಹಾಕಿದಾಗ ಕಾರ್ಬೊನೇಟ್ ತಳಕ್ಕೆ ಇಳಿಯುತ್ತದೆ. ಇದಕ್ಕೆ ಇಂಧನ ಬೇಕು, ನೀರು ಬೇಕು, ರಾಶಿ ರಾಶಿ ಉಳಿಕೆ ಕಲ್ಲು ಹಾಕಲು ಜಾಗ ಬೇಕು. ಕಾವೇರಿ ದಂಡೆಯ ನಾಲೆ ಬಯಲಿನಲ್ಲಿ ಈ ಮೂರನ್ನೂ ಯಾರು ಬಿಟ್ಟುಕೊಡುತ್ತಾರೆ ಅನ್ನುವುದು ಬೇರೆ ಪ್ರಶ್ನೆ. 2022ರ ಕೊನೆಯಲ್ಲಿ ಆಕಾಶ ಮುಟ್ಟಿದ್ದ ಲಿಥಿಯಂ ಬೆಲೆ ಎರಡೇ ವರ್ಷದಲ್ಲಿ ಐದನೇ ಒಂದು ಭಾಗಕ್ಕಿಂತ ಕೆಳಗೆ ಬಿತ್ತು. ಜಮ್ಮುವಿನ ರಿಯಾಸಿಯ ದೊಡ್ಡ ನಿಕ್ಷೇಪದ ಹರಾಜಿಗೇ ಸಾಕಷ್ಟು ಬಿಡ್‌ದಾರರು ಬರಲಿಲ್ಲ. ಲಿಥಿಯಂ ನೆಚ್ಚಿಕೊಂಡು ಜಮೀನಿನ ರೇಟು ಏರಿಸಿದವರ ಮಾತಿಗೆ ಮರುಳಾಗಬೇಡಿ. ಜಮೀನಿನ ಅಡಿಯ ಖನಿಜದ ಹರಾಜು ನಡೆಸುವುದು ಸರ್ಕಾರ, ಮಾಲೀಕರಲ್ಲ.

ಪ್ರಶ್ನೆ: ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೆ ಫೋನ್ ಸಿಡಿಯುತ್ತದೆಯೇ?
— ಮಳವಳ್ಳಿ

ಉತ್ತರ: ತುಂಬಿದ ಮೇಲೆ ಫೋನೇ ಚಾರ್ಜ್ ನಿಲ್ಲಿಸುತ್ತದೆ. ಬ್ಯಾಟರಿಗೆ ಶತ್ರು ಬಿಸಿ. ದಿಂಬಿನಡಿ, ಹಾಸಿಗೆಯ ಮೇಲೆ, ದಪ್ಪ ಕವರ್ ಸಮೇತ ಇಟ್ಟರೆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಗಟ್ಟಿ ಮೇಜಿನ ಮೇಲಿಡಿ. ಬಹಳ ವರ್ಷ ಬಾಳಬೇಕೆಂದರೆ ಚಾರ್ಜನ್ನು ಶೇಕಡಾ 20–80ರ ನಡುವೆ ಇಟ್ಟುಕೊಳ್ಳಿ. ಈಗಿನ ಹೆಚ್ಚಿನ ಫೋನ್‌ಗಳ ಸೆಟ್ಟಿಂಗ್‌ನಲ್ಲೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಎದ್ದಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೂ ಹಾಕಬೇಡಿ.

ಪ್ರಶ್ನೆ: ಪಾರ್ಸೆಲ್ ತಂದಿದ್ದೇನೆ, ಅಡ್ರೆಸ್ ಸಿಗುತ್ತಿಲ್ಲ, ಈ ನಂಬರ್ ಒತ್ತಿ ಅಂತ ಕರೆ ಬರುತ್ತದೆ. ನಂಬರ್ ಒತ್ತಿದರೇ ದುಡ್ಡು ಹೋಗುತ್ತಾ? ಒಟಿಪಿ ಕೊಟ್ಟರೆ ಮಾತ್ರ ಹೋಗುವುದು ಅಂತ ನಮ್ಮನೆಯವರ ವಾದ.
— ಸರಸ್ವತಿಪುರಂ, ಮೈಸೂರು

ಉತ್ತರ: ನೀವು ಒಟಿಪಿ ಕೊಡದೆಯೂ ಹೋಗಬಹುದು. *21* ಅಥವಾ *401* ಅಂತ ಶುರುವಾಗಿ, ಆಮೇಲೆ ಒಂದು ಮೊಬೈಲ್ ಸಂಖ್ಯೆ, ಕೆಲವೊಮ್ಮೆ ಕೊನೆಗೆ # ಇರುವುದು ಕರೆಯನ್ನು ಬೇರೆ ಫೋನಿಗೆ ತಿರುಗಿಸುವ ಸಂಕೇತ. ಒತ್ತಿದರೆ ನಿಮಗೆ ಬರುವ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಒಟಿಪಿಯನ್ನು ಎಸ್‌ಎಂಎಸ್ ಬದಲು ಕರೆಯಲ್ಲಿ ಹೇಳಿಸಿಕೊಳ್ಳುವ ಆಯ್ಕೆ ವಾಟ್ಸಾಪಿನಂಥ ಆ್ಯಪ್‌ಗಳಲ್ಲಿ ಇದೆಯಲ್ಲ, ಅವರಿಗೆ ಬೇಕಿರುವುದು ಅದೇ. *#21# ಒತ್ತಿ ನೋಡಿ, ತಿರುಗಿಸಿದ್ದರೆ ಗೊತ್ತಾಗುತ್ತದೆ. ##002# ಒತ್ತಿದರೆ ಎಲ್ಲವೂ ರದ್ದು.

ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಂತ ವಾಟ್ಸಾಪಿನಲ್ಲಿ ಬರುವ ಎಪಿಕೆ ಫೈಲು ಇದಕ್ಕಿಂತ ಅಪಾಯ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಎಪಿಕೆ ಆಗಿ ಬಂದರೆ ಅದು ಆ್ಯಪ್. ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಯನ್ನು ತಾನೇ ರವಾನಿಸುತ್ತದೆ. ತಪ್ಪಿ ಹಾಕಿಕೊಂಡಿದ್ದರೆ ತಕ್ಷಣ ಏರೋಪ್ಲೇನ್ ಮೋಡ್, ವೈಫೈ ಆಫ್, ಆಮೇಲೆ ಆ ಆ್ಯಪ್ ತೆಗೆಯಿರಿ. ಬ್ಯಾಂಕಿಗೆ ಬೇರೆ ಫೋನಿನಿಂದ ಕರೆ ಮಾಡಿ.

ಹಣ ಹೋಗಿಯೇ ಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಅದೇ ಗಂಟೆಯಲ್ಲಿ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ಜಿಗಿಸುತ್ತಾರೆ; ನಡುವೆ ಎಲ್ಲಾದರೂ ತಡೆಹಿಡಿಯಲು ಸಿಗುವುದು ಮೊದಲ ಒಂದೆರಡು ಗಂಟೆ ಮಾತ್ರ. ಕರೆ ಮಾಡುವ ಮುಂಚೆ ಯುಪಿಐ ವಹಿವಾಟಿನ 12 ಅಂಕಿಯ ಗುರುತು (ಯುಟಿಆರ್) ಸಂಖ್ಯೆ, ಮೊತ್ತ, ಸಮಯ, ಬ್ಯಾಂಕಿನ ಹೆಸರು ಬರೆದಿಟ್ಟುಕೊಳ್ಳಿ. ಇನ್ನು ಯುಪಿಐ ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಬ್ಯಾಲೆನ್ಸ್ ನೋಡುವುದಕ್ಕೆ. ತೆಗೆದುಕೊಳ್ಳುವುದಕ್ಕೆ ಎಂದೂ ಬೇಡ. ‘ಡಿಜಿಟಲ್ ಅರೆಸ್ಟ್’ ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ. ಹಾಗೆ ಯಾರಾದರೂ ಹೆದರಿಸಿದರೆ ಫೋನ್ ಇಡಿ, ಮರ್ಯಾದೆ ಮಾಡುತ್ತಾ ಕೂರಬೇಡಿ.

ಪ್ರಶ್ನೆ: ‘ಶೂನ್ಯ ನೆರಳಿನ ದಿನ’ವನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದೇವೆ. ಬೆಂಗಳೂರಿನ ದಿನಾಂಕವೇ ನಮಗೂ ನಡೆಯುತ್ತದೆ ಅಂತ ಒಬ್ಬ ಮೇಷ್ಟ್ರು, ಸರಿಯಾಗಿ 12 ಗಂಟೆಗೇ ನೋಡಬೇಕು ಅಂತ ಇನ್ನೊಬ್ಬರು.
— ಮಂಡ್ಯದ ಶಾಲಾ ಶಿಕ್ಷಕರು

ಉತ್ತರ: ಇಬ್ಬರೂ ಸ್ವಲ್ಪ ಸ್ವಲ್ಪ ತಪ್ಪಿದ್ದಾರೆ. ಸೂರ್ಯ ನೇರ ನೆತ್ತಿಗೆ ಬರುವ ದಿನ ಊರಿನ ಅಕ್ಷಾಂಶದ ಮೇಲೆ ನಿಂತಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ, ಅಲ್ಲಿಗೆ ಏಪ್ರಿಲ್ 24ರ ಹೊತ್ತಿಗೆ. ಮಂಡ್ಯ 12.5, ಮೈಸೂರು 12.3. ನಮಗೆ ಒಂದೆರಡು ದಿನ ಮೊದಲು, ಏಪ್ರಿಲ್ 22–23ರ ಆಸುಪಾಸು. ಸೂರ್ಯ ವಾಪಸ್ ಬರುವಾಗ ಆಗಸ್ಟ್ 20ರ ಆಸುಪಾಸು ಇನ್ನೊಮ್ಮೆ, ಆದರೆ ಆಗ ಮೋಡದ ಕಾಟ.

ಗಡಿಯಾರದ 12ಕ್ಕೆ ನಮ್ಮ ನಡುಹಗಲಾಗುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಹೊತ್ತಿಗೆ. ಮಂಡ್ಯ ಅದಕ್ಕಿಂತ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ, ಡಿಗ್ರಿಗೆ 4 ನಿಮಿಷದ ತಡ. ಏಪ್ರಿಲ್‌ನಲ್ಲಿ ಮಂಡ್ಯಕ್ಕೆ 12 ಗಂಟೆ 21 ನಿಮಿಷ, ಮೈಸೂರಿಗೆ 12.22; ಆಗಸ್ಟ್‌ನಲ್ಲಿ ಇನ್ನೂ ನಾಲ್ಕೈದು ನಿಮಿಷ ತಡ.

ಒಂದು ಮೀಟರ್ ಉದ್ದದ ಪಿವಿಸಿ ಪೈಪನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಗಾರೆಯವರ ತೂಕದ ಗುಂಡಿನಿಂದ ನೆಟ್ಟಗಿದೆಯೇ ಅಂತ ಎರಡು ಕಡೆಯಿಂದ ನೋಡಿ. ಒಂದು ಡಿಗ್ರಿ ವಾಲಿದರೂ ಸುಮಾರು 1.7 ಸೆಂಟಿಮೀಟರ್ ಸುಳ್ಳು ನೆರಳು ಬರುತ್ತದೆ. ಬಹಳ ಶಾಲೆಗಳಲ್ಲಿ ಪ್ರಯೋಗ ಕೆಡುವುದು ಇಲ್ಲಿಯೇ. 12 ಗಂಟೆಯಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ಮಕ್ಕಳೇ ಅಳೆಯಲಿ. ಆ ದಿನ ಮೋಡವಿದ್ದರೆ ಮಾರನೆಯ ದಿನ ಮಾಡಿದರೂ ನಡೆಯುತ್ತದೆ, ನಡುಹಗಲಲ್ಲಿ ಆಗುವ ವ್ಯತ್ಯಾಸ ಅರ್ಧ ಸೆಂಟಿಮೀಟರ್‌ಗಿಂತ ತುಸು ಹೆಚ್ಚು, ಅಷ್ಟೇ.